ಸತ್ತ ಲಾರಿಯ ಕವಲು

ಘಾಂಝಿ
೯ ಮೇ ೧೯೯೪

ಶ್ರೀ ರಪೂಲಾ ಅವರಿಗೆ,

ನಿಮ್ಮ ತಂಗಿ ಬೊಯಿಟುಮೆಲೊ ಬರೆಯುತ್ತಿರುವುದು. ಆರು ವರ್ಷದಿಂದ ಬರೆದಿಲ್ಲವಾದ್ದರಿಂದ ಯಾವ ತಂಗಿ ಎಂದು ನೀವು ಕೇಳಬಹುದು. ನಿಮಗಿರುವುದು ಒಬ್ಬಳೇ.

ವಿಷಯ ಇಷ್ಟು. ನನ್ನ ಮಗಳು ಕೆಫಿಲ್ವೆಯನ್ನು ಓಬಕೆಂಗ್ ಎಂಬ ಹುಡುಗ ಇಷ್ಟಪಟ್ಟಿದ್ದಾನೆ. ಇಲ್ಲಿನ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾನೆ, ಕೆಟ್ಟ ಚಟವಿಲ್ಲ, ನಮ್ಮ ಮನೆಯ ಕುರ್ಚಿಗಳನ್ನೆಲ್ಲ ರಿಪೇರಿ ಮಾಡಿದ್ದಾನೆ. ಹೆಣ್ಣು ಕೇಳಲು ಅವನ ಹಿರಿಯರು ಮೊಚುಡಿಯಿಂದ ಏಪ್ರಿಲ್‌ನಲ್ಲೇ ಬರುವವರಿದ್ದರು. ಹುಡುಗಿಯ ಸೋದರಮಾವ ಮಾತಿಗೆ ಕೂರುತ್ತಾನೆಯೇ ಎಂದು ಮೊದಲು ಹೇಳಿ ಕಳಿಸಿದರು. ಗೊತ್ತಿಲ್ಲ ಎಂದೆ. ಸೋದರಮಾವ ಇಲ್ಲದ ಮನೆಯಲ್ಲಿ ನಾವು ಯಾರ ಹತ್ತಿರ ಹೆಣ್ಣು ಕೇಳುವುದು, ಕೋಳಿಗಳ ಹತ್ತಿರವೇ ಎಂದು ಮುಂದೂಡಿದರು.

ಈಗ ಸೆಪ್ಟೆಂಬರ್ ೩, ಶನಿವಾರ ಎಂದು ದಿನ ಗೊತ್ತುಮಾಡಿದ್ದಾರೆ. ಅದೂ ತಪ್ಪಿದರೆ ಮಳೆ ಬರುತ್ತದೆ, ಉಳುಮೆ ಬರುತ್ತದೆ, ಮತ್ತೆ ಅವರು ಬರುವುದಿಲ್ಲ. ಹುಡುಗನ ದೊಡ್ಡಮ್ಮ ಮೊಚುಡಿಯಲ್ಲೇ ಇನ್ನೊಂದು ಹುಡುಗಿಯನ್ನು ನೋಡಿಟ್ಟಿದ್ದಾಳೆಂದು ಕೆಫಿಲ್ವೆ ಅಳುತ್ತಾಳೆ.

ನೀವು ಬಂದು ಸೋದರಮಾವನ ಜಾಗದಲ್ಲಿ ಕುಳಿತರೆ ಸಾಕು. ನನ್ನ ಜೊತೆ ಮಾತಾಡಬೇಕೆಂದೇನಿಲ್ಲ.

ಇಂತಿ,
ಬೊಯಿಟುಮೆಲೊ
ಬೆರಳಚ್ಚುಗಾರ್ತಿ, ರಸ್ತೆ ಇಲಾಖೆ


ಮೊತ್ಲೋಪಿ ಬಾವಿ
೨ ಜೂನ್

ಬೊಯಿಟು,

ನಿನ್ನ ಕಾಗದ ತ್ಸಾವ್ ಊರಿನ ಅಂಗಡಿಯ ಸಕ್ಕರೆ ಮೂಟೆಯ ಮೇಲೆ ಮೂರು ವಾರ ಕೂತಿತ್ತು. ಟೈಪು ಮಾಡಿದ ಹೆಸರು ಕಂಡು ಸರ್ಕಾರದ ಕಾಗದ ಎಂದು ಹೆದರಿ ಅಂಗಡಿಯವನು ಮುಟ್ಟಲೇ ಇಲ್ಲವಂತೆ. ನಾನೂ ಹೆದರಿದೆ. ನನ್ನನ್ನು 'ನೀವು' ಎನ್ನುವವರು ಪಶುವೈದ್ಯ ಇಲಾಖೆಯವರು ಮಾತ್ರ. ಅವರು ಹಾಗೆ ಅಂದಾಗಲೆಲ್ಲ ನನ್ನ ದನಗಳಿಗೆ ಏನಾದರೊಂದು ಚುಚ್ಚಿ ಹೋಗುತ್ತಾರೆ.

ನನ್ನ ಗಾಡಿ ಆ ಅಂಗಡಿಯಿಂದ ಆಚೆ ಹೋಗಿ ನಾಲ್ಕು ವರ್ಷವಾಯಿತು. ಎಡಗಡೆಯ ಬಾಗಿಲನ್ನು ಹಸಿ ತೊಗಲಿನ ಪಟ್ಟಿಯಿಂದ ಬಿಗಿದಿದ್ದೇನೆ. ಮಳೆಗೆ ನೆನೆದರೆ ಪಟ್ಟಿ ಜೋಲುಬಿದ್ದು ಬಾಗಿಲು ತಾನಾಗಿ ತೆರೆಯುತ್ತದೆ, ಬಿಸಿಲಿಗೆ ಒಣಗಿದರೆ ಒಳಗಿದ್ದವರು ಇಳಿಯುವಂತಿಲ್ಲ. ಹೋದ ವರ್ಷ ಪಾದ್ರಿಯೊಬ್ಬರು ಸಂಜೆ ತಂಪಾಗುವವರೆಗೆ ಒಳಗೇ ಕೂತು ಪ್ರಾರ್ಥನೆ ಮಾಡಿದರು.

ಅಂಥ ಗಾಡಿಯಲ್ಲಿ ಘಾಂಝಿಗೆ ಬಾ ಎನ್ನುತ್ತೀಯ. ಬರುತ್ತೇನೆ ಎಂದು ನಾನು ಹೇಳಿಲ್ಲ. ಸತ್ತ ಲಾರಿಯ ಕವಲಿನಲ್ಲಿ ಬಲಕ್ಕೆ ಎಂದವರು ಯಾರು, ಎಡಕ್ಕೆ ಎಂದವರು ಯಾರು, ಅದನ್ನು ಮೊದಲು ಬರೆದು ಕಳಿಸು. ಟೈಪು ಮಾಡಿದರೂ ಆದೀತು.

ರಪೂಲಾ

ಕೆಫಿಲ್ವೆಗೆ ಹೇಳು: ಅವಳು ಹುಟ್ಟಿದಾಗ ಅವಳ ಹೆಸರಿಗೆ ಬಿಟ್ಟ ಬಿಳಿ ಹಸು ಇನ್ನೂ ಇದೆ. ಹಲ್ಲು ಸವೆದಿದೆ, ಸಿಟ್ಟು ಸವೆದಿಲ್ಲ. ಅದರ ಒಂದು ಗಂಡುಕರು ಈಗ ಕೊಬ್ಬಿದ ಎತ್ತಾಗಿದೆ.


ಘಾಂಝಿ
೨೧ ಜೂನ್

ಶ್ರೀ ರಪೂಲಾ ಅವರಿಗೆ,

ನೀವು ಕೇಳಿದ ಹೇಳಿಕೆ ಹೀಗಿದೆ. ೧೯೮೮ರ ಫೆಬ್ರುವರಿಯಲ್ಲಿ ಅಮ್ಮ ಹಾಸಿಗೆ ಹಿಡಿದ ಸುದ್ದಿ ಕೇಳಿ ನಾವಿಬ್ಬರೂ ನಿಮ್ಮ ಗಾಡಿಯಲ್ಲಿ ಮಾಬೊನಾ ಹಳ್ಳಿಗೆ ಹೊರಟೆವು. ಹಳೇ ಲಾರಿ ಕೆಟ್ಟು ಬಿದ್ದಿರುವ ಕವಲಿನಲ್ಲಿ ನಾನು ನಕ್ಷೆ ನೋಡಿ ಬಲಕ್ಕೆ ಎಂದೆ. ನೀವು ಎಡಕ್ಕೆ ಎಂದಿರಿ. ಬಲಕ್ಕೆ ಹೋದೆವು. ಜೇಡಿಮಣ್ಣಿನ ಕೆಸರಿನಲ್ಲಿ ಎರಡು ದಿನ ಹೂತುಕೊಂಡೆವು. ತಲುಪುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ತಪ್ಪು ನನ್ನದು.

ಗೋರಿಯ ಎದುರು ನಿಂತು, ಊರಿಗೆ ಊರೇ ಕೇಳುವ ಹಾಗೆ, "ಅಮ್ಮನ ಮುಖ ನೋಡೋಕೆ ಇವಳ ನಕ್ಷೆ ಕಾಗದ ಬಿಡ್ಲಿಲ್ಲ" ಎಂದವರು ಯಾರು ಎಂಬುದನ್ನೂ ಟೈಪು ಮಾಡಿದ್ದೇನೆ. ಎರಡು ಪ್ರತಿ ತೆಗೆದಿದ್ದೇನೆ, ಒಂದು ನನ್ನ ಕಡತಕ್ಕೆ.

ಇನ್ನು ದಾರಿ. ನಿಮ್ಮ ಬಾವಿಯಿಂದ ಪೂರ್ವಕ್ಕೆ ೩೧ ಕಿಲೋಮೀಟರ್ ಬಂದು ಬಲಕ್ಕೆ ತಿರುಗಿ. ಅಲ್ಲಿಂದ ೧೨ ಕಿಲೋಮೀಟರ್ ಬೇಲಿಯ ಪಕ್ಕದಲ್ಲೇ ಬಂದರೆ ತ್ಸಾವ್ ರಸ್ತೆ. ದಕ್ಷಿಣಕ್ಕೆ ಸೆಹಿತ್ವಾ, ಮುಂದೆ ಘಾಂಝಿ ರಸ್ತೆ, ನಡುವೆ ಕುಕೆ ಗೇಟು. ಮರಳು ಸಿಕ್ಕ ಕೂಡಲೇ ಟೈರಿನ ಗಾಳಿ ಅರ್ಧ ಬಿಡಿ. ಹೂತ ಮೇಲೆ ಬಿಡುವುದಲ್ಲ, ಮೊದಲೇ ಬಿಡಿ. ದಾರಿಯ ನಡುವೆ ಹುಲ್ಲು ಸೊಂಟದ ಮಟ್ಟ ಬೆಳೆದಿರುತ್ತದೆ. ರೇಡಿಯೇಟರಿನ ಮುಂದೆ ಬಲೆ ಕಟ್ಟದಿದ್ದರೆ ಹುಲ್ಲಿನ ಬೀಜ ತುಂಬಿಕೊಂಡು ಎಂಜಿನ್ ಕುದಿಯುತ್ತದೆ. ಆಗಾಗ ಇಳಿದು ಹೊಗೆ ಕೊಳವೆಗೆ ಸಿಕ್ಕ ಹುಲ್ಲು ಕೀಳಿ, ಇಲ್ಲದಿದ್ದರೆ ಗಾಡಿಗೆ ಬೆಂಕಿ ಹತ್ತುತ್ತದೆ. ನೀರು ನಲವತ್ತು ಲೀಟರ್, ಟೈರು ಎರಡು, ಸಲಿಕೆ ಒಂದು.

ಇಂತಿ,
ಬೊಯಿಟುಮೆಲೊ


ಮೊತ್ಲೋಪಿ ಬಾವಿ
೧೮ ಜುಲೈ

ಬೊಯಿಟು,

ನನ್ನ ಗಾಡಿಯ ಕಿಲೋಮೀಟರ್ ಲೆಕ್ಕ ೧೯೮೧ರಲ್ಲಿ ನಿಂತಿತು. ಅದನ್ನು ನಂಬುವುದಾದರೆ ಹದಿಮೂರು ವರ್ಷದಿಂದ ನಾನು ಮನೆಯಲ್ಲೇ ಕೂತಿದ್ದೇನೆ. ಆದರೂ ನಿನ್ನ ಮಾತಿಗೆ ಮರ್ಯಾದೆ ಕೊಟ್ಟು ಮೂವತ್ತೊಂದನೇ ಕಿಲೋಮೀಟರ್ ಹುಡುಕಿಕೊಂಡು ಹೋದೆ. ಸಿಕ್ಕಿದವರನ್ನೆಲ್ಲ ಕೇಳಿದೆ. ಒಬ್ಬ ಮುದುಕ ಬಹಳ ಹೊತ್ತು ಯೋಚಿಸಿ, "ಆ ಹೆಸರಿನವರು ಈ ಕಡೆಯವರಲ್ಲ ಕಣಪ್ಪ, ಗುಮಾರೆ ಕಡೆ ಕೇಳಿ ನೋಡು" ಎಂದ.

ದಾರಿ ಹೇಳುವುದನ್ನು ನಾನು ನಿನಗೆ ಕಲಿಸುತ್ತೇನೆ. ನನ್ನ ಬಾವಿಯಿಂದ ಬೆಳಗಿನ ಸೂರ್ಯನನ್ನು ಮೂಗಿನ ಮೇಲಿಟ್ಟುಕೊಂಡು ಹೊರಡಬೇಕು. ಸಿಡಿಲು ಬಡಿದ ಒಂಟೆಮುಳ್ಳಿನ ಮರ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೇ ಸಿಡಿಲು ಮರದ ಹತ್ತಿರ ಮೂರು ಕತ್ತೆ ನಿಂತಿರುತ್ತವೆ. ಕುಂಟ ಕತ್ತೆ ಯಾವ ಕಡೆ ನೋಡುತ್ತಿದೆಯೋ ಅದರ ಎದುರು ದಿಕ್ಕಿಗೆ ತಿರುಗಬೇಕು. ಕುಂಟ ಕತ್ತೆ ಯಾವಾಗಲೂ ತನ್ನ ಮನೆಯ ಕಡೆ ನೋಡುತ್ತದೆ. ಅಲ್ಲಿ ಹೋದರೆ ನಿನಗೆ ಕುಡಿಸಿ ಕಳಿಸುತ್ತಾರೆ, ಮುಂದಿನ ದಾರಿ ಮುಗಿದಂತೆಯೇ. ಇದರಲ್ಲಿ ಗೊಂದಲವೇನಿದೆ?

ಹೇಳಿಕೆ ಓದಿದೆ. ಎರಡು ಸಲ ಓದಿದೆ.

ಬರುತ್ತೇನೆ. ನಿನಗಾಗಿ ಅಲ್ಲ, ಕೆಫಿಲ್ವೆಗಾಗಿ. ಸೋದರಮಾವ ಬರಿಗೈಯಲ್ಲಿ ಬಂದ ಎನ್ನಿಸಿಕೊಳ್ಳುವವನು ನಾನಲ್ಲ. ಬಿಳಿ ಹಸುವಿನ ಮಗನನ್ನು ಸೆಹಿತ್ವಾದ ಗೆಳೆಯನ ದೊಡ್ಡಿಗೆ ಮೊದಲೇ ನಡೆಸಿ ಕಳಿಸುತ್ತೇನೆ. ಹಿಂದಿನ ದಿನ ಅಲ್ಲಿ ಕಡಿಸಿ, ಮಾಂಸವನ್ನು ಗಾಡಿಯಲ್ಲಿ ತರುತ್ತೇನೆ.

ರಪೂಲಾ


ಘಾಂಝಿ
೫ ಆಗಸ್ಟ್

ರಪೂಲಾ,

ನಿನಗೆ ತಲೆ ಸರಿ ಇದೆಯೇ? ಕಾಲುಬಾಯಿ ಜ್ವರದ ಬೇಲಿ ಅಂತ ಒಂದಿದೆ. ನಿಮ್ಮ ಕಡೆಯ ಹಸಿ ಮಾಂಸ ಕುಕೆ ಗೇಟು ದಾಟುವ ಹಾಗಿಲ್ಲ. ನಲವತ್ತು ವರ್ಷ ದನ ಸಾಕಿದವನಿಗೆ ಬೆರಳಚ್ಚುಗಾರ್ತಿ ಇದನ್ನು ಹೇಳಬೇಕೆ? ಕಂಬಳಿ ತಾ, ಪಾತ್ರೆ ತಾ, ಏನೂ ತರದೆ ನಿನ್ನ ಮೊಂಡುತನವನ್ನೊಂದೇ ಹೊತ್ತು ತಾ. ಮಾಂಸ ಮಾತ್ರ ಬೇಡ.

ಈ ಕಾಗದದಲ್ಲಿ 'ನೀವು' ಎನ್ನಲು ಮರೆತೆ. ಮತ್ತೆ ಟೈಪು ಮಾಡಲು ಹೊತ್ತಿಲ್ಲ.

ಸತ್ತ ಲಾರಿಯ ಕವಲಿನ ಹತ್ತಿರ ಸುಳಿಯಬೇಡ. ಅದು ನಿನ್ನ ದಾರಿಯಲ್ಲೂ ಇಲ್ಲ. ಹೇಳಿಕೆಯ ಬಗ್ಗೆ ನೀನು ಬರೆದಿದ್ದು ಒಂದು ಸಾಲು.

ಬೊಯಿಟುಮೆಲೊ


ಘಾಂಝಿ
೨೮ ಆಗಸ್ಟ್

ರಪೂಲಾ,

ಉತ್ತರವಿಲ್ಲ. ತ್ಸಾವ್ ಕಡೆಯ ಲಾರಿಗಳವರನ್ನು ದಿನಾ ಕೇಳುತ್ತಿದ್ದೇನೆ. ಒಬ್ಬ ನಿನ್ನ ಗಾಡಿ ಪಶ್ಚಿಮಕ್ಕೆ ಹೋಗುವುದನ್ನು ಕಂಡೆ ಎಂದ. ಘಾಂಝಿ ಇರುವುದು ದಕ್ಷಿಣಕ್ಕೆ.

ಕೆಫಿಲ್ವೆ ಅಂಗಳಕ್ಕೆ ಸಗಣಿ ಸಾರಿಸಿ ನಿನಗೆಂದು ಒಂದು ಕುರ್ಚಿಯನ್ನು ಬೇರೆ ಇಟ್ಟಿದ್ದಾಳೆ. ಓಬಕೆಂಗ್ ಅದಕ್ಕೆ ಹೊಸ ತೊಗಲು ಹೆಣೆದಿದ್ದಾನೆ. ಅದರ ಮೇಲೆ ಬೆಕ್ಕು ಕೂತರೂ ಓಡಿಸುತ್ತಾಳೆ. ಅವಳಿಗೆ ನಾನು ಏನು ಹೇಳಲಿ?

ಬೊಯಿಟುಮೆಲೊ


ಕುಕೆ ಗೇಟು
೨ ಸೆಪ್ಟೆಂಬರ್, ಶುಕ್ರವಾರ ಬೆಳಿಗ್ಗೆ

ಬೊಯಿಟು,

ಇದನ್ನು ಘಾಂಝಿಗೆ ಹೋಗುವ ಲಾರಿಯವನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ಯಾವ ಕಾರಣಕ್ಕೂ ನಿಲ್ಲಬಾರದೆಂದು ಒಂದು ಪಕ್ಕೆಲುಬು ಸುಟ್ಟು ಕೊಟ್ಟಿದ್ದೇನೆ.

ನಿನ್ನ ಕಾಗದ ಬಂದಿತ್ತು. ಆ ನಿಯಮ ಮಾರುವವರಿಗೆ, ಸೋದರಮಾವಂದಿರಿಗಲ್ಲ ಎಂದುಕೊಂಡೆ. ಗೇಟಿನ ಅಧಿಕಾರಿ ಸೇರಾಮೆ ಎಂಬವನು ಒದ್ದೆ ಗೋಣಿ ಎತ್ತಿ ನೋಡಿದ.

"ಮುದುಕಪ್ಪಾ, ಇದೇನಿದು?"

"ಸೋದರಸೊಸೆಗೆ ತಗೊಂಡು ಹೋಗ್ತಿರೋ ಎತ್ತು."

"ರೋಗಕ್ಕೆ ಸೋದರಮಾವ ಯಾರು, ಕಳ್ಳ ಯಾರು ಅಂತ ಗೊತ್ತಾಗಲ್ಲಪ್ಪಾ. ಸುಟ್ಟು ಹೂಳ್ಬೇಕು. ಇಲ್ಲಾ ಇಲ್ಲೇ ಬೇಯಿಸ್ಕೋ. ಬೆಂದಿದ್ದು ದಾಟಬಹುದು."

"ಇದು ಅವಳ ಹಸುವಿನ ಮಗ ಕಣಯ್ಯ. ಇದನ್ನ ಹೂತುಬಿಟ್ಟು ಅವಳ ಮುಂದೆ ಯಾವ ಮುಖ ಇಟ್ಕೊಂಡು ಕೂರಲಿ?"

"ಹಾಗಾದ್ರೆ ಸೌದೆ ಅಲ್ಲಿದೆ."

ಕೆಫಿಲ್ವೆಗೆ ಉಡುಗೊರೆಯೆಂದು ತಂದ ಮೂರು ಕಾಲಿನ ಮೂರು ಪಾತ್ರೆಗಳನ್ನೂ ಒಲೆಗೆ ಏರಿಸಿದ್ದೇನೆ. ಇದು ಇಡೀ ಎತ್ತಲ್ಲ, ಉಳಿದದ್ದನ್ನು ಸೆಹಿತ್ವಾದಲ್ಲಿ ಹಂಚಿ ಬಂದೆ. ಆದರೂ ನಾಲ್ಕು ಸಲ ತುಂಬಿ ಬೇಯಿಸಬೇಕು. ನಾಳೆ ಮಧ್ಯಾಹ್ನಕ್ಕೆ ಮುಗಿದರೆ ಪುಣ್ಯ. ನಿನ್ನ ಬೀಗರು ನಾಳೆ ಸೂರ್ಯ ಹುಟ್ಟುವ ಮೊದಲೇ ಅಂಗಳದಲ್ಲಿ ಕೂರುತ್ತಾರೆ. ಹೇಗಾದರೂ ತಡೆದು ನಿಲ್ಲಿಸು. ಹುಡುಗನ ದೊಡ್ಡಮ್ಮನಿಗೆ ಚಹಾ ಕೊಡುತ್ತಲೇ ಇರು.

ಇನ್ನೊಂದು ವಿಷಯ. ಮಾಂಸದ ವಿಷಯಕ್ಕಿಂತ ಇದನ್ನು ಬರೆಯುವುದು ಕಷ್ಟ.

ಹೌದು, ಪಶ್ಚಿಮಕ್ಕೆ ಹೋಗಿದ್ದೆ. ಸತ್ತ ಲಾರಿಯ ಕವಲಿಗೇ ಹೋಗಿದ್ದೆ. ಗುಮಾರೆಯ ಮೆಕ್ಯಾನಿಕ್ ಹತ್ತಿರ ಹೊಸ ತಂತಿ ಹಾಕಿಸಿ ಕಿಲೋಮೀಟರ್ ಲೆಕ್ಕ ಓಡುವಂತೆ ಮಾಡಿಸಿಕೊಂಡೆ. ಎಡಗಡೆಯ ದಾರಿ ಎಷ್ಟು ಹತ್ತಿರ ಎಂದು ಅಳೆದು, ನಿನಗೆ ಅರ್ಥವಾಗುವ ಭಾಷೆಯಲ್ಲೇ ಬರೆದು, ನಿನ್ನ ಬೀಗರ ಎದುರಿಗೆ ನಿನ್ನ ಕೈಗೆ ಕೊಡಬೇಕೆಂಬ ಆಸೆ. ನಿನ್ನ ಅಣ್ಣ ಎಂಥವನು ಎಂದು ನಿನಗೆ ಗೊತ್ತೇ ಇದೆ.

ಎಡಕ್ಕೆ ತಿರುಗಿ ಹನ್ನೊಂದು ಕಿಲೋಮೀಟರ್ ಹೋದೆ. ಅಲ್ಲಿ ದಾರಿ ದೊಡ್ಡದೊಂದು ತಗ್ಗಿಗೆ ಇಳಿಯುತ್ತದೆ. ಈಗ ಒಣಗಿದೆ. ದಡದಲ್ಲಿ ಕಾವೆಂದಜಿ ಎಂಬ ಹೆರೆರೊ ಜನಾಂಗದ ಮುದುಕಿ ಮೇಕೆ ಕಾಯುತ್ತಿದ್ದಳು. ೮೮ರ ಮಳೆ ನೆನಪಿದೆಯೇ ಎಂದು ಕೇಳಿದೆ.

"ಯಾಕಿಲ್ಲ? ಇಲ್ಲಿ ನನ್ನ ಎದೆ ಮಟ್ಟ ನೀರಿತ್ತು. ಏಪ್ರಿಲ್‌ವರೆಗೂ ಒಂದು ಕತ್ತೆಗಾಡಿನೂ ದಾಟಲಿಲ್ಲ. ಒಂದು ಟ್ರ್ಯಾಕ್ಟರ್ ಇಳಿಸಿ ಸಿಕ್ಕಿಹಾಕ್ಕೊಂಡ್ರು. ಅದರ ಸೀಟಿನ ಮೇಲೆ ಬಾತುಕೋಳಿ ಮೊಟ್ಟೆ ಇಟ್ಟಿತ್ತು."

"ಬೇರೆ ದಾರಿ?"

"ಈ ಕಡೆಯಿಂದ ಯಾವುದೂ ಇರ್ಲಿಲ್ಲ. ಮಾಬೊನಾದಲ್ಲಿ ಯಾರೋ ತೀರ್ಕೊಂಡ್ರು ಅಂತ ನಮಗೆ ತಿಳಿದಿದ್ದೇ ಮಳೆ ನಿಂತ ಮೇಲೆ."

ಬೊಯಿಟು, ಎಡಕ್ಕೆ ತಿರುಗಿದ್ದರೆ ನಾವು ಎರಡು ದಿನ ತಡವಾಗುತ್ತಿರಲಿಲ್ಲ, ಎರಡು ತಿಂಗಳು ತಡವಾಗುತ್ತಿದ್ದೆವು. ಆರು ವರ್ಷ ನಾನು ಜಂಬದಿಂದ ಹೊತ್ತುಕೊಂಡು ತಿರುಗಿದ ದಾರಿ ಆ ದಿನ ಅಲ್ಲಿ ಇರಲೇ ಇಲ್ಲ. ತಗ್ಗಿನ ದಡದಲ್ಲಿ ಗಾಡಿ ನಿಲ್ಲಿಸಿ ಬಹಳ ಹೊತ್ತು ಕೂತೆ. ಬಿಸಿಲಿಗೆ ಆ ಎಡಗಡೆ ಬಾಗಿಲು ಬಿಗಿದುಕೊಂಡಿತ್ತು. ಅದರ ಪಕ್ಕದ ಸೀಟಿನಲ್ಲಿ ನೀನು ಮಡಿಲಿನ ಮೇಲೆ ನಕ್ಷೆ ಹರವಿಕೊಂಡು ಕೂತಿದ್ದು ನೆನಪಾಯಿತು. ಗೋರಿಯ ಎದುರು, ಅಷ್ಟು ಜನರ ಮುಂದೆ ನಾನು ಆಡಿದ ಮಾತು ತಪ್ಪು. ಈ ಹೇಳಿಕೆಯನ್ನು ಬೇಕಾದಷ್ಟು ಪ್ರತಿ ಮಾಡಿಕೋ.

ಮೊದಲ ಪಾತ್ರೆ ಕುದಿಯಿತು. ಉಪ್ಪು ಹಾಕಬೇಕು.

ರಪೂಲಾ


ಘಾಂಝಿ
೨ ಸೆಪ್ಟೆಂಬರ್, ಶುಕ್ರವಾರ ಮಧ್ಯಾಹ್ನ

ಅಣ್ಣಾ,

ಲಾರಿಯವನು ನಿಂತಿಲ್ಲ. ಅವನ ಕೈಯ ಜಿಡ್ಡು ಕಾಗದದ ತುಂಬ ಇದೆ. ಅವನೇ ಈಗ ತಿರುಗಿ ಹೊರಟಿದ್ದಾನೆ, ಇದನ್ನು ತರುತ್ತಾನೆ.

ಬೀಗರು ಬಂದು ಇಳಿದಿದ್ದಾರೆ. ಹನ್ನೊಂದು ಜನ. ನೀನು ಎಲ್ಲಿ ಎಂದು ಮೊದಲು ಕೇಳಿದವಳು ಆ ದೊಡ್ಡಮ್ಮನೇ. ಕುಕೆ ಗೇಟಿನಲ್ಲಿ ಎತ್ತು ಬೇಯಿಸುತ್ತಿದ್ದಾನೆ ಎಂದೆ. ಅವರಲ್ಲೇ ಹಿರಿಯರೊಬ್ಬರು, "ಹೆಣ್ಣು ಕೇಳೋದು ಹೆಣ್ಣಿನ ಮನೆ ಅಂಗಳದಲ್ಲಿ. ಇದೆಂಥ ಮನೆ, ಯಜಮಾನ ಗೇಟಲ್ಲಿ ಕೂತಿರೋದು?" ಎಂದರು. ನಾನು ಹೇಳಿಬಿಟ್ಟೆ, ನಮ್ಮಲ್ಲಿ ಸೋದರಮಾವ ಎಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾನೋ ಅದೇ ಹೆಣ್ಣಿನ ಮನೆ ಅಂತ. ಅಂಥ ಪದ್ಧತಿ ಎಲ್ಲಿಯೂ ಇಲ್ಲ. ನಿನ್ನನ್ನು ಕೇಳಿದರೂ ಇದೆ ಎನ್ನಬೇಕು.

ಹಿರಿಯರು ಬಹಳ ಯೋಚಿಸಿ, ಎತ್ತು ಕೊಬ್ಬಿದೆಯೇ ಎಂದು ಕೇಳಿದರು. ಕೊಬ್ಬಿದೆ ಎಂದೆ. ಹಾಗಾದರೆ ಅಲ್ಲಿಗೇ ಹೋಗೋಣ ಎಂದರು. ನೀನು ಬರುವುದು ಬೇಡ, ನಾವೇ ಬರುತ್ತೇವೆ. ರಸ್ತೆ ಇಲಾಖೆಯ ಲಾರಿ ಕೇಳಿ ಪಡೆದಿದ್ದೇನೆ. ಬೆಳಗಾಗುವ ಮುಂಚೆ ಗೇಟಿನಲ್ಲಿರುತ್ತೇವೆ. ಬೆಂಕಿ ಆರಿಸಬೇಡ. ಗಾಡಿಯ ಪಕ್ಕ ನೆಲ ಗುಡಿಸಿ ಅಂಗಳದ ಹಾಗೆ ಮಾಡು. ಕೆಫಿಲ್ವೆ ಆ ಕುರ್ಚಿ ತರುತ್ತಿದ್ದಾಳೆ.

ನೀನು ಬರೆದಿದ್ದಕ್ಕೆ ನಾನೂ ಒಂದು ಬರೆಯಬೇಕು. ಆ ದಿನ ನಾನು ಬಲಕ್ಕೆ ಎಂದಿದ್ದು ದಾರಿ ಗೊತ್ತಿದ್ದರಿಂದಲ್ಲ. ನಕ್ಷೆ ಒದ್ದೆಯಾಗಿ ಆ ಜಾಗದಲ್ಲೇ ಹರಿದುಹೋಗಿತ್ತು. ನೀನು ಅಳುತ್ತಾ ಗಾಡಿ ಓಡಿಸುತ್ತಿದ್ದೆ. ನೀನು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಗೊತ್ತಿದ್ದವರ ಹಾಗೆ ಇರಬೇಕು ಅನ್ನಿಸಿತು. ಅದಕ್ಕೆ ಬಲಕ್ಕೆ ಎಂದೆ.

ನಿನ್ನ ತಂಗಿ,
ಬೊಯಿಟು


ಮೊತ್ಲೋಪಿ ಬಾವಿ
೧೧ ಅಕ್ಟೋಬರ್

ಬೊಯಿಟು,

ಮನೆ ಸೇರಿದೆ. ತಡವಾಗಿದ್ದಕ್ಕೆ ಗಾಡಿ ಕಾರಣವಲ್ಲ. ದಾರಿಯಲ್ಲಿ ಪ್ರತಿ ಹಟ್ಟಿಯವರೂ ಗೇಟಿನ ಕಥೆ ಕೇಳಲು ನಿಲ್ಲಿಸಿಕೊಂಡರು. ಈಗ ಆ ಕಥೆಯಲ್ಲಿ ಬೀಗರು ನಲವತ್ತು ಜನ ಆಗಿದ್ದಾರೆ, ತಿದ್ದಲು ಹೋಗಬೇಡ.

ಹಿರಿಯರು ಸೋದರಮಾವನ ಹತ್ತಿರ ಹೆಣ್ಣು ಕೇಳುವಾಗ ಹಿಂದಿನಿಂದ ಸೇರಾಮೆ, "ಮುದುಕಪ್ಪಾ, ಮೂರನೇ ಪಾತ್ರೆ ಸೀಯ್ತಾ ಇದೆ" ಎಂದನಲ್ಲ, ನಾನು ಅವನಿಗೆ "ಆಗ್ಲಿ" ಎಂದೆ. ಹಿರಿಯರು ಅದನ್ನೇ ಒಪ್ಪಿಗೆ ಎಂದು ಹಿಡಿದು ಟೋಪಿ ತೆಗೆದುಬಿಟ್ಟರು. ಹುಡುಗನಿಗೆ ಕೇಳಬೇಕೆಂದಿದ್ದ ಆರು ಪ್ರಶ್ನೆ ನನ್ನ ಹೊಟ್ಟೆಯಲ್ಲೇ ಉಳಿದವು. ಆದರೆ ಕೆಫಿಲ್ವೆಯ ಮುಖ ನೋಡಿದ ಮೇಲೆ ಕೇಳುವುದು ಏನೂ ಇರಲಿಲ್ಲ.

ಬೆಂದ ಮಾಂಸ ದಾಟಲು ಸೇರಾಮೆ ಚೀಟಿ ಬರೆದಿಟ್ಟಿದ್ದ. ದಾಟಲು ಒಂದು ತುಂಡೂ ಉಳಿಯಲಿಲ್ಲ. ಆ ದೊಡ್ಡಮ್ಮ ಪಾಲಿಶ್ ಹಾಕಿದ ಬೂಟು ಕೈಯಲ್ಲಿ ಹಿಡಿದು, ರೋಗ ದಾಟದಿರಲೆಂದು ಗೇಟಿನಲ್ಲಿಟ್ಟ ಔಷಧಿ ನೀರಿನಲ್ಲಿ ಬರಿಗಾಲಿನಲ್ಲಿ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಬೂಟನ್ನೂ ಅದ್ದಬೇಕು ಎಂದಾಗ ಆಕೆ ನೋಡಿದ ನೋಟಕ್ಕೆ ಯಾವ ರೋಗವಾದರೂ ಸಾಯುತ್ತಿತ್ತು. ಹೋಗುವಾಗ ಮಾತ್ರ, ಮೊಚುಡಿಯಲ್ಲಿ ಇಂಥ ಮಾಂಸ ಸಿಗುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ಇನ್ನೊಂದು ಹುಡುಗಿಯ ಸುದ್ದಿ ಇನ್ನು ಬರುವುದಿಲ್ಲ.

ಲಾರಿ ಹತ್ತುವಾಗ ನೀನು ಕೇಳಿದೆಯಲ್ಲ, ಅಮ್ಮನ ಗೋರಿಗೆ ಯಾವಾಗ ಹೋಗೋಣ ಎಂದು. ನಾನು ಕೆಮ್ಮಿದೆ. ಹೊಗೆಯಿಂದ ಕೆಮ್ಮಲಿಲ್ಲ.

ಬಾ. ಡಿಸೆಂಬರಿಗೆ ಮೊದಲು, ಮಳೆ ಹಿಡಿಯುವ ಮುಂಚೆ ಬಾ. ತ್ಸಾವ್ ಅಂಗಡಿಯಿಂದ ನನ್ನ ಬಾವಿಗೆ ೪೩ ಕಿಲೋಮೀಟರ್, ನಾನೇ ಅಳೆದಿದ್ದೇನೆ. ನಿನ್ನ ೩೧ ಮತ್ತು ೧೨ ಕೂಡಿಸಿದರೆ ಅಷ್ಟೇ ಆಗುತ್ತದೆ. ಇದನ್ನು ಯಾರಿಗೂ ಹೇಳಬೇಡ. ಕುಂಟ ಕತ್ತೆ ಹೋದ ವಾರ ಸತ್ತಿತು, ಅದನ್ನು ಹುಡುಕಬೇಡ.

ಇಲ್ಲಿಂದ ಮಾಬೊನಾಕ್ಕೆ ನನ್ನ ಗಾಡಿಯಲ್ಲೇ ಹೋಗೋಣ. ಎಡಗಡೆ ಬಾಗಿಲಿನ ತೊಗಲು ಬಿಚ್ಚಿ ಹೊಸ ಚಿಲಕ ಹಾಕಿಸಿದ್ದೇನೆ, ಬೇಕೆಂದಾಗ ಇಳಿಯಬಹುದು. ನಿನ್ನ ನಕ್ಷೆ ತಾ. ಹರಿದದ್ದಾದರೂ ಪರವಾಗಿಲ್ಲ. ಸತ್ತ ಲಾರಿಯ ಕವಲಿನಲ್ಲಿ ಗಾಡಿ ನಿಲ್ಲಿಸುತ್ತೇನೆ. ನೀನು ಯಾವ ಕಡೆ ಎನ್ನುತ್ತೀಯೋ ಆ ಕಡೆ ತಿರುಗಿಸುತ್ತೇನೆ.

ನಿನ್ನ ಅಣ್ಣ,
ರಪೂಲಾ

ಸಲಿಕೆ ಎರಡು ಇಟ್ಟಿದ್ದೇನೆ.